ಮೂರು ಜಿಲ್ಲೆಯ ಮಕ್ಕಳ ತಲೆಹೇನಿನ ಲೆಕ್ಕ ಕೇಳಿ ಒಂದು ಬಹಿರಂಗ ಪತ್ರ

ಧಾರವಾಡ, ಗದಗ ಮತ್ತು ಹಾವೇರಿ ಜಿಲ್ಲೆಗಳ ಶಾಲಾ ಶಿಕ್ಷಣ ಉಪನಿರ್ದೇಶಕರಿಗೆ, ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ

ಮಾನ್ಯರೇ,

ನಿಮ್ಮ ಟೇಬಲ್ ಮೇಲೆ ಸೋರುವ ಕೊಠಡಿ, ಇಲ್ಲದ ಶಿಕ್ಷಕರು, ಡೆಂಗಿ, ಕೆಟ್ಟುಹೋದ ಬೋರ್‌ವೆಲ್, ಇಂಥ ಪತ್ರಗಳೇ ಜಾಸ್ತಿ ಇರುತ್ತವೆ. ತಲೆಹೇನಿನ ಬಗ್ಗೆ ಯಾರೂ ಬರೆದಿರಲಿಕ್ಕಿಲ್ಲ. ನಗು ಬಂದರೆ ನಕ್ಕುಬಿಡಿ. ಆಮೇಲೆ ಮುಂದೆ ಓದಿ.

ನಾನು ಹಳೇ ಹುಬ್ಬಳ್ಳಿಯಲ್ಲಿ ಔಷಧಿ ಅಂಗಡಿ ನಡೆಸುವವಳು. ಹೇನಿನ ಔಷಧಿ ಕೇಳಲು ಜನ ಪಡುವ ನಾಚಿಕೆ ನೋಡಿದರೆ, ಕಾಂಡೋಮ್ ಕೇಳುವವರೇ ಧೈರ್ಯವಂತರು ಅನಿಸುತ್ತದೆ. "ಅಕ್ಕಾರ, ಅದು ಕೊಡ್ರಿ, ತಲೀಗೆ ಹಚ್ಚೂದು" ಎಂದು ಮೆಲ್ಲಗೆ ಹೇಳುತ್ತಾರೆ. ಹಿಂದೆ ಇನ್ನೊಬ್ಬ ಗಿರಾಕಿ ನಿಂತಿದ್ದರೆ ಒಂದು ಪಟ್ಟಿ ಪ್ಯಾರಸಿಟಮಾಲ್ ತೆಗೆದುಕೊಂಡು ಹೋಗಿಬಿಡುತ್ತಾರೆ. ಅಂಗಡಿ ಖಾಲಿಯಾದ ಮೇಲೆ ವಾಪಸ್ ಬರುತ್ತಾರೆ. ಈ ನಾಚಿಕೆಗೆ ಕಾರಣ ಹೇನಲ್ಲ. ಹೇನು ಎಷ್ಟು ಸಾಮಾನ್ಯ ಅನ್ನುವುದು ಯಾರಿಗೂ ಗೊತ್ತಿಲ್ಲದಿರುವುದು. ಪ್ರತಿ ತಾಯಿಯೂ ಇದು ನಮ್ಮ ಮನೆಯೊಂದರ ಮಾನ ಹೋಗುವ ವಿಷಯ ಅಂದುಕೊಂಡಿದ್ದಾಳೆ. ಹಾಗಲ್ಲ ಎಂದು ಹೇಳಲು ನಿಮ್ಮ ಹತ್ತಿರ ಒಂದು ಅಂಕಿ ಇರಬೇಕಿತ್ತು. ಅದು ಇಲ್ಲ. ಅದನ್ನು ಕೇಳುವುದಕ್ಕೇ ಈ ಪತ್ರ.

ನನ್ನ ಕೌಂಟರಿನಿಂದ ನೋಡಿದರೆ ಹೇನಿಗೂ ಒಂದು ವಯಸ್ಸಿದೆ. ಜಾಸ್ತಿ ಬರುವವರು ಒಂದರಿಂದ ಐದಾರನೇ ತರಗತಿ ಮಕ್ಕಳ ತಾಯಂದಿರು, ಅದರಲ್ಲೂ ಹೆಣ್ಣುಮಕ್ಕಳ ತಾಯಂದಿರು. ಅವರ ನಂತರ ಹಾಸ್ಟೆಲ್ ಹುಡುಗಿಯರು. ಧಾರವಾಡದ ಸಪ್ತಾಪುರದಲ್ಲಿ ಅಂಗಡಿ ಇಟ್ಟಿರುವ ನನ್ನ ಗೆಳತಿ, ಕೋಚಿಂಗ್‌ಗೆ ಬಂದು ಪಿಜಿಗಳಲ್ಲಿ ಇರುವ ಹುಡುಗಿಯರೂ ಕೇಳುತ್ತಾರೆ ಎನ್ನುತ್ತಾಳೆ. ಆಮೇಲೆ ಮೊಮ್ಮಕ್ಕಳನ್ನು ಪಕ್ಕದಲ್ಲಿ ಮಲಗಿಸಿಕೊಳ್ಳುವ ಅಜ್ಜಿಯರು. ಗಂಡಸರು ಬಂದರೆ "ಮಗಳಿಗ್ರೀ" ಎಂದು ಮೊದಲೇ ಹೇಳಿಬಿಡುತ್ತಾರೆ. ಸುಮ್ನೆ ಹೇಳುತ್ತಾರೋ, ನಿಜವೋ, ನಾನು ಕೇಳುವುದಿಲ್ಲ.

ಅಂಗಡಿಯ ಲೆಕ್ಕ ಊರಿನ ಲೆಕ್ಕವಲ್ಲ, ಒಪ್ಪುತ್ತೇನೆ. ಆದರೆ ಬೇರೆ ದೇಶಗಳಲ್ಲಿ ಎಣಿಸಿದವರಿಗೂ ಹೆಚ್ಚುಕಡಿಮೆ ಇದೇ ಚಿತ್ರ ಸಿಕ್ಕಿದೆ. ಅಮೆರಿಕದಲ್ಲಿ 3ರಿಂದ 11 ವರ್ಷದ ಮಕ್ಕಳಲ್ಲಿ ವರ್ಷಕ್ಕೆ 60 ಲಕ್ಷದಿಂದ 1 ಕೋಟಿ 20 ಲಕ್ಷ ಸಲ ಹೇನು ಹತ್ತುತ್ತದೆ ಎಂದು ಅಲ್ಲಿನ ರೋಗ ನಿಯಂತ್ರಣ ಕೇಂದ್ರವೇ ಅಂದಾಜು ಮಾಡಿದೆ. ಶಾಂಪೂ, ಬಿಸಿನೀರು, ಶವರ್ ಎಲ್ಲವೂ ಇರುವ ದೇಶ ಅದು! ಐವತ್ತು ವರ್ಷಗಳ ಅಧ್ಯಯನಗಳನ್ನು ಒಟ್ಟುಗೂಡಿಸಿ 2020ರಲ್ಲಿ ಪ್ರಕಟವಾದ ಒಂದು ವಿಶ್ಲೇಷಣೆ, ಜಗತ್ತಿನ ಶಾಲಾ ಮಕ್ಕಳಲ್ಲಿ ಸುಮಾರು ಐವರಲ್ಲಿ ಒಬ್ಬರ ತಲೆಯಲ್ಲಿ ಹೇನಿದೆ ಎಂದಿತು. ಹುಡುಗಿಯರಲ್ಲಿ ಹುಡುಗರಿಗಿಂತ ದುಪ್ಪಟ್ಟಿಗೂ ಜಾಸ್ತಿ.

ಚಿಕ್ಕ ಮಕ್ಕಳಲ್ಲೇ ಯಾಕೆ ಜಾಸ್ತಿ? ಹೇನು ಹಾರುವುದಿಲ್ಲ, ಜಿಗಿಯುವುದೂ ಇಲ್ಲ. ಅದಕ್ಕೆ ಗೊತ್ತಿರುವುದು ಕೂದಲು ಹಿಡಿದು ತೆವಳುವುದು ಒಂದೇ. ಬಹುಮಟ್ಟಿಗೆ ತಲೆಗೆ ತಲೆ ತಾಗುವುದೇ ಅದಕ್ಕೆ ದಾರಿ. ಹಾಗಾಗಿ ಯಾವ ವಯಸ್ಸಿನಲ್ಲಿ ತಲೆಗೆ ತಲೆ ಜಾಸ್ತಿ ತಾಗುತ್ತದೋ ಆ ವಯಸ್ಸಿನಲ್ಲಿ ಹೇನೂ ಜಾಸ್ತಿ. ಒಂದೇ ಪುಸ್ತಕಕ್ಕೆ ಮೂವರು ಬಾಗಿ ಓದುವ ವಯಸ್ಸು, ಕಲ್ಲಾಟ ಆಡುವಾಗ ಹಣೆಗೆ ಹಣೆ ತಾಗಿಸಿ ಕೂರುವ ವಯಸ್ಸು, ಗುಟ್ಟು ಹೇಳಲು ಕಿವಿಗೆ ಬಾಯಿ ಹಚ್ಚುವ ವಯಸ್ಸು. ಹುಡುಗರು ಒಬ್ಬರನ್ನೊಬ್ಬರು ನೂಕುತ್ತಾರೆ, ಹುಡುಗಿಯರು ಒಬ್ಬರಿಗೊಬ್ಬರು ಜಡೆ ಹಾಕುತ್ತಾರೆ. ಕೂದಲಿನ ಉದ್ದಕ್ಕಿಂತ ಈ ಒಡನಾಟದ್ದೇ ದೊಡ್ಡ ಪಾಲು ಎಂದು ನನಗನಿಸುತ್ತದೆ.

ಹೈಸ್ಕೂಲಿಗೆ ಬಂದ ಮೇಲೆ ಕಡಿಮೆಯಾಗುತ್ತದೆ. ಆ ವಯಸ್ಸಿನವರು ಮೈಗೆ ಮೈ ತಾಗಿಸಿ ಕೂರುವುದು ಕಡಿಮೆ, ಕನ್ನಡಿ ನೋಡಿಕೊಳ್ಳುವುದು ಜಾಸ್ತಿ. ಹಾಸ್ಟೆಲ್ ಮಕ್ಕಳು ಮಾತ್ರ ಇದಕ್ಕೆ ಹೊರತು. ಹಾಸಿಗೆ ಪಕ್ಕ ಹಾಸಿಗೆ ಇದ್ದಲ್ಲಿ ವಯಸ್ಸಿನ ಲೆಕ್ಕ ನಡೆಯುವುದಿಲ್ಲ. ದೊಡ್ಡವರಲ್ಲಿ ಹೇನು ಇದ್ದರೆ ಬಹುತೇಕ ಮನೆಯ ಮಕ್ಕಳಿಂದಲೇ ಬಂದಿರುತ್ತದೆ, ಅದಕ್ಕೇ ತಾಯಿಗೆ ಮೊದಲು, ತಂದೆಗೆ ಕೊನೆಗೆ. ಇಲ್ಲೊಂದು ಮಾತು ಹೇಳಬೇಕು. ಹೇನು ಎಣಿಸುವವರು ಎಲ್ಲ ಕಡೆ ಶಾಲೆಗೇ ಹೋಗುತ್ತಾರೆ. ಮಕ್ಕಳು ಸಾಲಾಗಿ ಸಿಗುತ್ತಾರಲ್ಲ. ಮನೆಯಲ್ಲಿರುವ ಎರಡು ವರ್ಷದ ಕೂಸು, ಹೊಲಕ್ಕೆ ಹೋಗುವ ತಾಯಿ, ಹಾಸಿಗೆ ಹಿಡಿದ ಅಜ್ಜಿ, ಇವರ ತಲೆ ನೋಡುವವರು ಕಡಿಮೆ. ಶಾಲೆಯ ಮಕ್ಕಳದ್ದೇ ರೋಗ ಎಂದು ಕಾಣಲು ಇದೂ ಒಂದು ಕಾರಣ.

ಈಗ ನಮ್ಮ ಕಡೆಯ ವಿಷಯಕ್ಕೆ ಬರುತ್ತೇನೆ. ನನ್ನ ಅಂಗಡಿಯಲ್ಲಿ ಹೇನಿನ ಔಷಧಿ ಜೂನ್‌ನಲ್ಲಿ ಅಷ್ಟು ಹೋಗುವುದಿಲ್ಲ. ಜುಲೈ ಬಂತೆಂದರೆ ಸ್ಟಾಕ್ ಸಾಲುವುದಿಲ್ಲ. ಇದಕ್ಕೆ ಅರ್ಥವಿದೆ. ಮೊದಲ ಸಲ ಹೇನು ಹತ್ತಿದವರಿಗೆ ತುರಿಕೆ ಶುರುವಾಗಲು ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ತುರಿಕೆ ಬರುವುದು ಹೇನಿನ ಜೊಲ್ಲು ಚರ್ಮಕ್ಕೆ ಒಗ್ಗದೇ ಇರುವುದರಿಂದ. ಹಾಗೆ ಒಗ್ಗದೇ ಹೋಗಲು ಮೈಗೆ ಸಮಯ ಬೇಕು. ಶಾಲೆ ಶುರುವಾದ ವಾರವೇ ಹತ್ತಿದ ಹೇನು ಜುಲೈನಲ್ಲಿ ಮನೆಯವರಿಗೆ ಗೊತ್ತಾಗುತ್ತದೆ. ಅಷ್ಟರಲ್ಲಿ ಆ ಮಗು ಪಕ್ಕದಲ್ಲಿ ಕೂತವರಿಗೆಲ್ಲ ಹಂಚಿ ಆಗಿರುತ್ತದೆ. ಆಮೇಲೆ ಬರುತ್ತದೆ ಪಂಚಮಿ. ನಮ್ಮ ಕಡೆ ಪಂಚಮಿ ಅಂದರೆ ಹೆಣ್ಣುಮಕ್ಕಳು ಮಕ್ಕಳನ್ನು ಕಟ್ಟಿಕೊಂಡು ತವರಿಗೆ ಬರುವ ಹಬ್ಬ. ಜೋಕಾಲಿ, ಉಂಡಿ, ರಾತ್ರಿ ಪಡಸಾಲೆಯಲ್ಲಿ ಹತ್ತು ಮಕ್ಕಳಿಗೆ ಒಂದೇ ಜಮಖಾನೆ. ಹುಬ್ಬಳ್ಳಿಯ ಹೇನು ರೋಣಕ್ಕೆ ಹೋಗುತ್ತದೆ, ಹಾನಗಲ್ಲಿನದು ಕುಂದಗೋಳಕ್ಕೆ ಬರುತ್ತದೆ. ಹಬ್ಬ ಬಿಡಿ ಎಂದು ನಾನು ಹೇಳುವುದಿಲ್ಲ, ಹೇಳಿದರೆ ನನ್ನ ತವರಿನವರೇ ಬಿಡುವುದಿಲ್ಲ. ಆದರೆ ತಲೆ ನೋಡುವ ಕೆಲಸ ಪಂಚಮಿಗೆ ಮುಂಚೆ ಆಗಬೇಕು, ನಂತರ ಅಲ್ಲ.

ಕೊಳಕಿನ ಮಾತು ಇಲ್ಲೇ ಮುಗಿಸುತ್ತೇನೆ. ಹೇನು ಬೆವರಿನಿಂದ ಹುಟ್ಟುವುದಿಲ್ಲ, ಕೊಳೆಯಿಂದಲೂ ಹುಟ್ಟುವುದಿಲ್ಲ. ತೊಳೆದ ಕೂದಲು, ತೊಳೆಯದ ಕೂದಲು ಎರಡೂ ಅದಕ್ಕೆ ಒಂದೇ. ನಮ್ಮ ಅವಳಿ ನಗರದಲ್ಲಿ ಇವತ್ತಿಗೂ ಎಷ್ಟೋ ಓಣಿಗಳಿಗೆ ನಲ್ಲಿ ನೀರು ದಿನಾ ಬರುವುದಿಲ್ಲ. ಅಲ್ಲಿನ ತಾಯಂದಿರು ವಾರಕ್ಕೊಮ್ಮೆ ಎಲ್ಲರ ತಲೆಗೆ ನೀರು ಹಾಕುತ್ತಾರೆ. ಅವರ ಮಕ್ಕಳಿಗೆ "ನೀವು ಸ್ನಾನ ಮಾಡಲ್ಲ, ಅದಕ್ಕೇ ಹೇನು" ಎಂದು ತರಗತಿಯಲ್ಲಿ ಹೇಳುವುದು ತಪ್ಪು ವಿಜ್ಞಾನ. ಜೊತೆಗೆ ಕೆಟ್ಟ ಮಾತು.

ಶಾಲೆಗಳು ಏನು ಮಾಡುತ್ತವೆ? ಬಹಳ ಕಡೆ ಒಳ್ಳೆಯ ಟೀಚರುಗಳು ಸುಮ್ನೆ ತಾಯಿಯನ್ನು ಕರೆದು ಕಿವಿಯಲ್ಲಿ ಹೇಳುತ್ತಾರೆ. ಕೆಲವು ಕಡೆ ಹಾಗಿಲ್ಲ. ಹೋದ ವರ್ಷ ಒಬ್ಬ ತಾಯಿ ಮೊಬೈಲ್ ತೋರಿಸಿದರು. ತರಗತಿಯ ವಾಟ್ಸಾಪ್ ಗುಂಪಿನಲ್ಲಿ ಅವರ ಮಗಳ ಹೆಸರು ಹಾಕಿ, ತಲೆ ಸ್ವಚ್ಛ ಆಗುವವರೆಗೆ ಕಳಿಸಬೇಡಿ ಎಂದು ಬರೆದಿತ್ತು. ಮಗು ಮೂರನೇ ತರಗತಿ. ಇನ್ನೊಂದು ಸಲ ಹಾವೇರಿ ಕಡೆಯ ಒಬ್ಬ ಹಾಸ್ಟೆಲ್ ಹುಡುಗಿಯ ತಾಯಿ ಬಂದಿದ್ದರು. ಹೇನಿನ ಕಾರಣಕ್ಕೆ ಇಡೀ ಕೋಣೆಯ ಹುಡುಗಿಯರ ಕೂದಲನ್ನು ಕಿವಿಯ ಮಟ್ಟಕ್ಕೆ ಕತ್ತರಿಸಿದ್ದರಂತೆ. ಮನೆಯವರನ್ನು ಕೇಳಿರಲಿಲ್ಲ, ಹುಡುಗಿಯರನ್ನೂ ಕೇಳಿರಲಿಲ್ಲ. ಕಿವಿಯ ಮಟ್ಟದ ಕೂದಲಲ್ಲೂ ಹೇನು ಆರಾಮಾಗಿ ಬದುಕುತ್ತದೆ ಸಾಹೇಬರೇ. ಅದು ಇರುವುದು ನೆತ್ತಿಯ ಹತ್ತಿರ. ಕಿವಿಯ ಹಿಂದೆ, ಕತ್ತಿನ ಮೇಲ್ಭಾಗದಲ್ಲಿ ಅದರ ಮನೆ. ಜಡೆಯ ತುದಿಯಲ್ಲಿ ಅಲ್ಲ.

ಮನೆಗೆ ಕಳಿಸುವುದರಿಂದಲೂ ಲಾಭವಿಲ್ಲ. ಗೊತ್ತಾಗುವ ಹೊತ್ತಿಗೆ ಆ ಮಗು ಅದೇ ಬೆಂಚಿನಲ್ಲಿ ತಿಂಗಳು ಕೂತಿರುತ್ತದೆ. ಇನ್ನೊಂದು ದಿನ ಕೂತರೆ ಹೊಸದಾಗಿ ಏನಾಗುತ್ತದೆ? ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇದನ್ನು ಸ್ಪಷ್ಟವಾಗಿ ಹೇಳಿದೆ. ಹೇನು ಅಥವಾ ಸೀರಿನ (ಹೇನಿನ ಮೊಟ್ಟೆಯ) ಕಾರಣಕ್ಕೆ ಆರೋಗ್ಯವಂತ ಮಗುವನ್ನು ಶಾಲೆಯಿಂದ ಹೊರಗಿಡಬಾರದು ಅನ್ನುವುದು ಅದರ ನಿಲುವು. ಸಂಜೆ ಮನೆಗೆ ಹೋಗಲಿ, ಔಷಧಿ ಹಚ್ಚಲಿ, ಮರುದಿನ ಬರಲಿ. ತಲೆಹೇನು ರೋಗ ಹರಡುವುದಿಲ್ಲ. ಟೈಫಸ್ ಜ್ವರ ಹರಡುವುದು ಬಟ್ಟೆಯಲ್ಲಿರುವ ಕೂರೆ, ಅದು ಬೇರೆ. ತಲೆಹೇನಿನಿಂದ ಆಗುವುದು ತುರಿಕೆ, ನಿದ್ದೆಗೇಡು, ಕೆರೆದು ಕೆರೆದು ಆದ ಗಾಯ, ಅದರಲ್ಲಿ ಕೀವು, ಕತ್ತಿನಲ್ಲಿ ಗಂಟು. ಬಹಳ ಜಾಸ್ತಿಯಾಗಿ ಬಹಳ ದಿನ ಉಳಿದರೆ ರಕ್ತಹೀನತೆ ಕೂಡ ಆದ ಪ್ರಕರಣಗಳು ವೈದ್ಯರ ದಾಖಲೆಯಲ್ಲಿವೆ. ಮೊದಲೇ ರಕ್ತ ಕಡಿಮೆ ಇರುವ ಮಕ್ಕಳು ನಮ್ಮಲ್ಲಿ ಎಷ್ಟಿದ್ದಾರೆ ಅಂತ ನಿಮಗೇ ಗೊತ್ತು, ಅಲ್ವಾ? ಅಂಥ ಮಗುವನ್ನು ವಾರಗಟ್ಟಲೆ ಮನೆಯಲ್ಲಿ ಕೂರಿಸಿದರೆ ಅದಕ್ಕೆ ಹಾಲೂ ಇಲ್ಲ, ಮೊಟ್ಟೆಯೂ ಇಲ್ಲ, ಬಿಸಿಯೂಟವೂ ಇಲ್ಲ.

ಈ ಅವಮಾನಕ್ಕೆ ಹೆದರಿದ ಮನೆಯವರು ಮಾಡುವ ಕೆಲಸಗಳೇ ನನ್ನ ನಿದ್ದೆ ಕೆಡಿಸುತ್ತವೆ. ಸೀತಾಫಲದ ಬೀಜ ಅರೆದು ಹಚ್ಚುತ್ತಾರೆ. ಹಿಂದಿನವರು ಹಚ್ಚುತ್ತಿದ್ದರು, ಹೌದು. ಆದರೆ ತಲೆ ತೊಳೆಯುವಾಗ ಆ ಪುಡಿ ಕಣ್ಣಿಗೆ ಇಳಿದರೆ ಕಣ್ಣಿನ ಕರಿಗುಡ್ಡೆಯ ಮೇಲ್ಪದರ ಸುಟ್ಟಂತೆ ಕೆಂಪಾಗಿ, ನೋವಿನಲ್ಲಿ ಕಣ್ಣು ತೆರೆಯಲು ಆಗುವುದಿಲ್ಲ. ನಮ್ಮ ದೇಶದ ಕಣ್ಣಿನ ಡಾಕ್ಟರುಗಳು ಇಂಥ ರೋಗಿಗಳ ಬಗ್ಗೆ ಬರೆದಿದ್ದಾರೆ. ಸೀಮೆಎಣ್ಣೆ ಈಗ ಸಿಗುವುದೇ ಕಷ್ಟ, ಪುಣ್ಯ. ಅದನ್ನು ಹಚ್ಚಿಕೊಂಡು ಒಲೆಯ ಮುಂದೆ ಕೂತರೆ ಏನಾಗುತ್ತದೆ ಎಂದು ಹೇಳಬೇಕಿಲ್ಲ. ಎಲ್ಲಕ್ಕಿಂತ ಭಯ ಹತ್ತಿಗೆ, ಮೆಣಸಿನ ಗಿಡಕ್ಕೆ ಹೊಡೆಯುವ ಔಷಧಿಯದು. ಬ್ಯಾಡಗಿ, ಸವಣೂರು, ಮುಂಡರಗಿ, ನವಲಗುಂದ, ಯಾವ ಕಡೆ ಹೋದರೂ ಮನೆಯ ಮೂಲೆಯಲ್ಲಿ ಆ ಡಬ್ಬಿ ಇರುತ್ತದೆ. "ಹುಳಕ್ಕೆ ಹೊಡೆಯೋದು, ಹೇನಿಗೂ ಆಗಬೇಕಲ್ಲ" ಎಂದು ಕೇಳಿದವರು ನನ್ನ ಕೌಂಟರಿಗೇ ಬಂದಿದ್ದಾರೆ. ಈ ಕೀಟನಾಶಕಗಳಲ್ಲಿ ಹಲವು ಚರ್ಮದ ಮೂಲಕವೇ ಮೈಯೊಳಗೆ ಇಳಿಯುತ್ತವೆ. ಕೆರೆದ ಗಾಯ ಇದ್ದರೆ ಇನ್ನೂ ಬೇಗ. ಜೊಲ್ಲು ಸುರಿಯುವುದು, ವಾಂತಿ, ಬೆವರು, ಕಣ್ಣಿನ ಪಾಪೆ ಸಣ್ಣದಾಗುವುದು, ಉಸಿರು ಕಟ್ಟುವುದು. ಮಗು ಹೀಗಾದರೆ ತಲೆ, ಮೈ ತೊಳೆದು, ಬಟ್ಟೆ ಬದಲಿಸಿ, ಡಬ್ಬಿಯ ಸಮೇತ ಆಸ್ಪತ್ರೆಗೆ ಓಡಬೇಕು. ಹುಬ್ಬಳ್ಳಿಯ ಕೆಎಂಸಿ-ಆರ್‌ಐ (ಹಿಂದಿನ ಕಿಮ್ಸ್) ಆಗಲಿ, ಗದಗದ ಜಿಮ್ಸ್ ಆಗಲಿ, ಹತ್ತಿರದ ತಾಲೂಕು ಆಸ್ಪತ್ರೆಯಾಗಲಿ. ಹೇನು ಸಾಮಾನ್ಯವಾಗಿ ಯಾರನ್ನೂ ಕೊಲ್ಲುವುದಿಲ್ಲ. ಹೇನಿಗೆ ಹೆದರಿ ಹಚ್ಚಿದ್ದು ಕೊಲ್ಲಬಹುದು.

ಸರಿಯಾದ ಔಷಧಿ ಇದೆ, ಅಂಥ ದುಬಾರಿಯೂ ಅಲ್ಲ. ಆದರೆ ಅದನ್ನು ಒಂದು ಸಲ ಹಚ್ಚಿ ಬಿಡುತ್ತಾರೆ, ಅಲ್ಲೇ ಎಡವಟ್ಟು. ಒಂದು ಹೆಣ್ಣು ಹೇನು ದಿನಕ್ಕೆ ಏಳೆಂಟು ಸೀರು ಇಡಬಲ್ಲದು. ಸೀರು ಒಡೆಯಲು ಎಂಟು-ಒಂಬತ್ತು ದಿನ. ಮರಿ ಬೆಳೆದು ತಾನೂ ಸೀರು ಇಡಲು ಇನ್ನೂ ಸುಮಾರು ಅಷ್ಟೇ ದಿನ ಬೇಕು. 1 ಶೇಕಡಾ ಪರ್ಮೆಥ್ರಿನ್ ಲೋಷನ್ ಓಡಾಡುವ ಹೇನನ್ನು ಕೊಲ್ಲುತ್ತದೆ, ಸೀರನ್ನು ಪೂರ್ತಿ ಕೊಲ್ಲುವುದಿಲ್ಲ. ಅದಕ್ಕೇ ಏಳರಿಂದ ಹತ್ತು ದಿನದೊಳಗೆ ಎರಡನೇ ಸಲ ಹಚ್ಚಬೇಕು. ಒಂಬತ್ತನೇ ದಿನ ಒಳ್ಳೆಯದು, ಒಡೆದ ಮರಿ ದೊಡ್ಡದಾಗುವ ಮೊದಲೇ ಸಿಗುತ್ತದೆ. ಮನೆಯಲ್ಲಿ ಯಾರ ತಲೆಯಲ್ಲಿ ಹೇನಿದೆಯೋ ಎಲ್ಲರಿಗೂ ಒಂದೇ ದಿನ ಹಚ್ಚಬೇಕು. ಇವತ್ತು ಮಗಳಿಗೆ, ಮುಂದಿನ ವಾರ ತಾಯಿಗೆ ಎಂದರೆ ಹೇನು ಆ ಕಡೆಯಿಂದ ಈ ಕಡೆಗೆ ಮನೆ ಬದಲಿಸುತ್ತದೆ, ಅಷ್ಟೇ. ಕೆಲವು ದೇಶಗಳಲ್ಲಿ ಹೇನುಗಳು ಪರ್ಮೆಥ್ರಿನ್‌ಗೆ ಜಗ್ಗದಂತಾಗಿವೆ. ಎರಡು ಸಲ ಸರಿಯಾಗಿ ಹಚ್ಚಿದರೂ ಹೋಗದಿದ್ದರೆ ಮೂರನೇ ಬಾಟಲಿ ಕೊಳ್ಳದೆ ಡಾಕ್ಟರಿಗೆ ತೋರಿಸಬೇಕು. ಔಷಧಿ ಮಾರುವವಳೇ ಇದನ್ನು ಹೇಳುತ್ತಿದ್ದೇನೆ.

ಔಷಧಿಗಿಂತ ಹಳೆಯದು ಸೀರಣಿಗೆ. ಇಸ್ರೇಲ್‌ನ ಲಾಕಿಷ್ ಎಂಬಲ್ಲಿ ಆನೆದಂತದ ಒಂದು ಪುಟ್ಟ ಬಾಚಣಿಗೆ ಸಿಕ್ಕಿದೆ, ಸುಮಾರು 3,700 ವರ್ಷ ಹಳೆಯದು. ಅದರ ಮೇಲೆ ಕೆತ್ತಿದ ಸಾಲನ್ನು 2022ರಲ್ಲಿ ಓದಿ ಪ್ರಕಟಿಸಿದರು. ಈ ದಂತ ಕೂದಲ ಮತ್ತು ಗಡ್ಡದ ಹೇನನ್ನು ಕಿತ್ತುಹಾಕಲಿ ಎಂಬ ಹಾರೈಕೆ ಅದು. ಅಕ್ಷರಮಾಲೆಯ ಲಿಪಿಯಲ್ಲಿ ಸಿಕ್ಕ ಅತಿ ಹಳೆಯ ಪೂರ್ತಿ ವಾಕ್ಯಗಳಲ್ಲಿ ಅದೂ ಒಂದು. ಆನೆದಂತದ ಬಾಚಣಿಗೆ ಬಡವರ ಮನೆಯದ್ದಾಗಿರಲಿಕ್ಕಿಲ್ಲ. ಗಡ್ಡ ಎಂದೂ ಬರೆದಿದ್ದಾರೆ ನೋಡಿ, ನನ್ನ ಅಂಗಡಿಗೆ ಬರುವ ಗಂಡಸರಿಗೆ ಇದನ್ನು ತೋರಿಸಬೇಕು.

ಈಗ ನಾನು ಕೇಳುವುದು. 2013ರಿಂದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮ ನಡೆಯುತ್ತಿದೆ. ಹುಟ್ಟಿನಿಂದ 18 ವರ್ಷದವರೆಗಿನ ಮಕ್ಕಳನ್ನು ನೋಡುವ ತಂಡಗಳಿವೆ. ಅಂಗನವಾಡಿಗೆ ವರ್ಷಕ್ಕೆ ಎರಡು ಸಲ, ಸರ್ಕಾರಿ ಶಾಲೆಗೆ ಒಂದು ಸಲ ಹೋಗಬೇಕೆಂಬ ನಿಯಮವಿದೆ. ಆ ತಂಡ ಹುಡುಕಬೇಕಾದ ತೊಂದರೆಗಳ ಪಟ್ಟಿಯಲ್ಲಿ ಕಜ್ಜಿ, ಹುಳುಕಡ್ಡಿಯಂಥ ಚರ್ಮದ ಕಾಯಿಲೆ ಇದೆ, ಹಲ್ಲು ಇದೆ, ಕಿವಿ ಇದೆ. ತಲೆಹೇನು ಇಲ್ಲ. ಪಟ್ಟಿ ದೆಹಲಿಯದು, ನೀವು ಬದಲಿಸಲಾರಿರಿ. ಆದರೆ ನಿಮ್ಮ ಮೂರು ಜಿಲ್ಲೆಯ ನಮೂನೆಯಲ್ಲಿ ಒಂದು ಕಾಲಂ ಸೇರಿಸಲು ಯಾರ ಅಪ್ಪಣೆ ಬೇಕು? ವಯಸ್ಸು, ಗಂಡೋ ಹೆಣ್ಣೋ, ಜೀವಂತ ಹೇನು ಇದೆಯೋ ಇಲ್ಲವೋ. ಇಷ್ಟೇ. ಮಗುವಿನ ಹೆಸರು ಬೇಡ. ಕೂಸಿನ ವಯಸ್ಸು, ಒಂದರಿಂದ ಐದನೇ ತರಗತಿ, ಆರರಿಂದ ಎಂಟನೇ ತರಗತಿ, ಹೈಸ್ಕೂಲು, ಹಾಸ್ಟೆಲ್ ಎಂದು ಬೇರೆ ಬೇರೆ ಲೆಕ್ಕ ಸಿಗಲಿ. ಯಾವ ವಯಸ್ಸಿಗೆ ಮೊದಲು ಔಷಧಿ ಮುಟ್ಟಬೇಕು ಎಂಬುದು ಆಗ ತಾನಾಗಿ ಗೊತ್ತಾಗುತ್ತದೆ.

ಕಣ್ಣಲ್ಲಿ ನೋಡಿ ಎಣಿಸುವುದು ಬೇಡ. ಎಳ್ಳಿನಷ್ಟು ದೊಡ್ಡದಿರುವ ಈ ಹುಳ ಬೆಳಕು ಬಿದ್ದ ಕೂಡಲೇ ಓಡುತ್ತದೆ. ಜರ್ಮನಿಯಲ್ಲಿ ಎರಡೂ ವಿಧಾನ ಹೋಲಿಸಿ ನೋಡಿದ್ದು 2009ರಲ್ಲಿ ಪ್ರಕಟವಾಗಿದೆ. ಒದ್ದೆ ಕೂದಲನ್ನು ಸಣ್ಣ ಹಲ್ಲಿನ ಬಾಚಣಿಗೆಯಲ್ಲಿ ಬಾಚಿದಾಗ ಜೀವಂತ ಹೇನಿದ್ದ ನೂರರಲ್ಲಿ 90 ತಲೆ ಸಿಕ್ಕವು. ಬರೀ ಕಣ್ಣಿಗೆ 30 ಕೂಡ ಸಿಗಲಿಲ್ಲ. ಕಣ್ಣಿಗೆ ಚೆನ್ನಾಗಿ ಕಾಣುವುದು ಸೀರು. ಸೀರು ನೋಡಿ ಹೇನಿದೆ ಎಂದು ಬರೆದರೆ ಲೆಕ್ಕ ತಪ್ಪುತ್ತದೆ, ಯಾಕೆಂದರೆ ನೆತ್ತಿಯಿಂದ ಒಂದು ಸೆಂಟಿಮೀಟರಿಗಿಂತ ದೂರ ಇರುವ ಸೀರು ಬಹುತೇಕ ಖಾಲಿ ಸಿಪ್ಪೆ. ಆ ಸಿಪ್ಪೆಗಾಗಿ ಎಷ್ಟು ಮಕ್ಕಳು ಮನೆಗೆ ಹೋಗಿದ್ದಾರೋ! ತಂಡಕ್ಕೆ ಒಂದಿಷ್ಟು ಸ್ಟೀಲ್ ಸೀರಣಿಗೆ, ಕೊಬ್ಬರಿ ಎಣ್ಣೆ, ಬಿಳಿ ಬಟ್ಟೆ ಕೊಡಿ. ಎಣ್ಣೆ ಹಚ್ಚಿದರೆ ಹೇನು ನಿಧಾನವಾಗುತ್ತದೆ, ಬಾಚಿ ಬಿಳಿ ಬಟ್ಟೆಗೆ ಒರೆಸಿದರೆ ಕಾಣುತ್ತದೆ. ಒಂದು ತಲೆಗೆ ಹಾಕಿದ ಬಾಚಣಿಗೆಯನ್ನು ಬಿಸಿನೀರಿನಲ್ಲಿ ನೆನೆಸದೆ ಇನ್ನೊಂದು ತಲೆಗೆ ಹಾಕಬಾರದು, ಇದನ್ನು ತಂಡದವರಿಗೆ ಬರೆದೇ ಕೊಡಿ.

ಹುಡುಗರ ತಲೆಯನ್ನೂ ಬಾಚಿ. ಹುಡುಗಿಯರ ತಲೆಯಷ್ಟೇ ನೋಡಿದರೆ ಹುಡುಗಿಯರಿಗಷ್ಟೇ ಹೇನು ಎಂದು ಲೆಕ್ಕ ಬರುತ್ತದೆ.

ಎಣಿಸಿದ ಮೇಲೆ ಒಂದು ತರಗತಿಗೆ ಒಂದೇ ದಿನ ಲೋಷನ್ ಕೊಡಿ. ಹೇನು ಸಿಕ್ಕ ಮಕ್ಕಳ ತಾಯಿಗೂ, ತಂಗಿಗೂ, ಅಜ್ಜಿಗೂ ಸೇರಿಸಿ. ಜಂತುಹುಳದ ಗುಳಿಗೆಯನ್ನು ಎಲ್ಲ ಮಕ್ಕಳಿಗೂ ಕೊಡುತ್ತೀರಿ, ಅದಕ್ಕೆ ಯಾವ ತಾಯಿಯೂ ನಾಚುವುದಿಲ್ಲ. ಎಲ್ಲರಿಗೂ ಕೊಡುತ್ತಾರೆ ಎಂದು ಗೊತ್ತಿರುವುದರಿಂದ. ಹಾಸ್ಟೆಲ್ ವಾರ್ಡನ್‌ಗಳಿಗೆ ಒಂದು ಸುತ್ತೋಲೆ ಹೋಗಲಿ, ಹೇನಿನ ಕಾರಣಕ್ಕೆ ಯಾವ ಹುಡುಗಿಯ ಕೂದಲನ್ನೂ ಕತ್ತರಿಸಬಾರದು ಎಂದು. ಮುಖ್ಯ ಶಿಕ್ಷಕರಿಗೆ ಇನ್ನೊಂದು, ಯಾವ ಮಗುವಿನ ಹೆಸರನ್ನೂ ವಾಟ್ಸಾಪ್‌ನಲ್ಲಿ ಹಾಕಬಾರದು, ಯಾವ ಮಗುವನ್ನೂ ಮನೆಗೆ ಕಳಿಸಬಾರದು ಎಂದು. ಈ ಎರಡಕ್ಕೆ ಹಣವೇ ಬೇಕಿಲ್ಲ.

ಜುಲೈ ಮೊದಲ ವಾರ ಒಂದು ಸಲ ಎಣಿಸಿ, ದಸರಾ ರಜೆ ಮುಗಿದು ಶಾಲೆ ಶುರುವಾದ ಮೇಲೆ ಇನ್ನೊಂದು ಸಲ. ತಾಲೂಕಿಗೆ ಎರಡು ಶಾಲೆ, ಒಂದು ಅಂಗನವಾಡಿ, ಒಂದು ಹಾಸ್ಟೆಲ್‌ನಿಂದ ಶುರು ಮಾಡಿದರೂ ಸಾಕು. ಬಾಚುವುದನ್ನು ಕಲಿಸಲು ಯಾರಾದರೂ ಬೇಕಿದ್ದರೆ ಹಳೇ ಹುಬ್ಬಳ್ಳಿಯ ಶಾಲೆಗಳಿಗೆ ನಾನೇ ಬರುತ್ತೇನೆ. ಬೆಳಿಗ್ಗೆ ಹತ್ತರೊಳಗೆ ಇಟ್ಟುಕೊಳ್ಳಿ, ಆಮೇಲೆ ಅಂಗಡಿ ತೆಗೆಯಬೇಕು.

ಇಂತಿ,
ಹಳೇ ಹುಬ್ಬಳ್ಳಿಯ ಒಬ್ಬ ಔಷಧಿ ಅಂಗಡಿಯವಳು